ಬೇಸಿಗೆಯ ಬಿರುಮಳೆಯ ನಂತರ ಹಿತ್ತಲ ತೋಟದ ಆರೈಕೆ

(ರೈತ ಮಹಿಳೆಯರು ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಬೇಸಾಯಶಾಸ್ತ್ರ ಹೇಳಿಕೊಡುವವನು ರಾಗಿ, ಭತ್ತ, ಜೋಳಗಳ ಮಾತು ಬಿಟ್ಟು ಹಿತ್ತಲಿನ ನಿಂಬೆ, ಮಲ್ಲಿಗೆಗಳ ಮಾತಿಗೇಕೆ ಬಂದ ಎಂದು ತಮಗೆ ಅನ್ನಿಸಬಹುದು. ಬೇಸಾಯಶಾಸ್ತ್ರವೆಂದರೆ ಮುಖ್ಯವಾಗಿ ಮಣ್ಣು ಮತ್ತು ನೀರಿನ ಲೆಕ್ಕ. ಹತ್ತು ಎಕರೆ ಹೊಲದಲ್ಲಿ ನಡೆಯುವ ಲೆಕ್ಕವೇ ಎರಡು ಗುಂಟೆ ಹಿತ್ತಲಿನಲ್ಲೂ ನಡೆಯುತ್ತದೆ. ಹಿತ್ತಲಿನಲ್ಲಾದರೆ ಅದನ್ನು ದಿನವೂ ಕಣ್ಣಾರೆ ನೋಡಬಹುದು, ಕೊಡದಲ್ಲಿ ಅಳೆಯಬಹುದು. ಆದ್ದರಿಂದ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ನಮ್ಮ ಮೈದಾನ ಸೀಮೆಯಲ್ಲಿ ಏಪ್ರಿಲ್–ಮೇ ತಿಂಗಳುಗಳಲ್ಲಿ ಬರುವ ಮಳೆಯ ಸ್ವಭಾವ ತಮಗೆಲ್ಲ ತಿಳಿದದ್ದೇ. ಹಗಲೆಲ್ಲ ಧಗೆ. ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಮೋಡ ಕಟ್ಟುತ್ತದೆ. ಸಂಜೆಗೆ ಬಿರುಗಾಳಿ, ಗುಡುಗು, ಸಿಡಿಲು, ಕೆಲವೊಮ್ಮೆ ಆಲಿಕಲ್ಲು. ಒಂದು ಗಂಟೆಯೊಳಗೆ 40–50 ಮಿ.ಮೀ. ಮಳೆ ಸುರಿದು ನಿಂತುಬಿಡುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಬಾಳೆ ಮಲಗಿರುತ್ತದೆ, ನುಗ್ಗೆಯ ಕೊಂಬೆ ಮುರಿದಿರುತ್ತದೆ, ಮಾವಿನಕಾಯಿ ನೆಲದ ತುಂಬ ಚೆಲ್ಲಿರುತ್ತದೆ. ಆದರೆ ಅದೇ ಹಿತ್ತಲು ಒಂದು ವಾರದಲ್ಲಿ ಬೇರೆಯೇ ಆಗಿ ಕಾಣುತ್ತದೆ. ಮೂರು–ನಾಲ್ಕು ದಿನಕ್ಕೆ ಮಳೆಲಿಲ್ಲಿ ನೆಲದಿಂದ ಎದ್ದು ಅರಳುತ್ತದೆ. ಮಲ್ಲಿಗೆ ಚಿಗುರುತ್ತದೆ, ಕರಿಬೇವು ಗೊಂಚಲು ಬಿಡುತ್ತದೆ, ನುಗ್ಗೆ ಮತ್ತೆ ಹೂವಾಗುತ್ತದೆ. ಎರಡು–ಮೂರು ವಾರಕ್ಕೆ ನಿಂಬೆಯ ಗಿಡ ಬೆಳ್ಳಗಾಗುತ್ತದೆ. ನೋಡಿದವರಿಗೆ ಸಂತೋಷವಾಗುವುದು ಸಹಜ.

ಈ ಸಂತೋಷದ ಹೊತ್ತಿನಲ್ಲಿಯೇ ನಾವು ಎಚ್ಚರದಿಂದಿರಬೇಕು. ಬೇಸಿಗೆ ಮಳೆಯ ನಂತರದ ಹೂವಿನಲ್ಲಿ ಎಷ್ಟು ಕಾಯಾಗಿ ನಿಲ್ಲುತ್ತದೆ ಎಂಬುದು ಆ ಮಳೆಯನ್ನೇ ಅವಲಂಬಿಸಿದ್ದಲ್ಲ. ಆ ಮಳೆಗೂ ಮುಂಗಾರಿಗೂ ನಡುವಿನ ಮೂರು–ನಾಲ್ಕು ವಾರಗಳಲ್ಲಿ ಮನೆಯವರು ಏನು ಮಾಡುತ್ತಾರೆ ಎಂಬುದರ ಮೇಲೆ ಅದು ನಿಂತಿದೆ. ನಾನು ಇಂದು ಹೇಳಬೇಕೆಂದಿರುವುದು ಇದೊಂದೇ ಮಾತು. ಉಳಿದದ್ದೆಲ್ಲ ಅದರ ವಿವರಣೆ.

ಒಣಗಿದ ಗಿಡ ಹೂ ಬಿಡುವುದೇಕೆ?

ಬೇಸಿಗೆಯಲ್ಲಿ ನೀರು ಕಡಿಮೆಯಾದಾಗ ಗಿಡ ಚಿಗುರುವುದನ್ನು ನಿಲ್ಲಿಸುತ್ತದೆ. ಆದರೆ ಎಲೆಗಳು ಬಿಸಿಲಿನಲ್ಲಿ ಆಹಾರ ತಯಾರಿಸುವುದನ್ನು ಪೂರ್ತಿ ನಿಲ್ಲಿಸುವುದಿಲ್ಲ. ಚಿಗುರಿಗೆ ಖರ್ಚಾಗದ ಈ ಆಹಾರ ಪಿಷ್ಟದ ರೂಪದಲ್ಲಿ ಕೊಂಬೆ, ಬೇರು, ಗೆಡ್ಡೆಗಳಲ್ಲಿ ಕೂಡಿಬೀಳುತ್ತದೆ. ಹೂಮೊಗ್ಗುಗಳು ಒಳಗೇ ಸಿದ್ಧವಾಗಿ ನಿದ್ರಿಸುತ್ತಿರುತ್ತವೆ. ಒಂದು ಜೋರು ಮಳೆ ಬಿದ್ದು, ಗಾಳಿಯ ಬಿಸಿ ಇಳಿದು, ಬೇರಿಗೆ ನೀರು ಸಿಕ್ಕಿದೊಡನೆ ಈ ಮೊಗ್ಗುಗಳು ಎಚ್ಚರಗೊಳ್ಳುತ್ತವೆ. ಅಂದರೆ ಈ ಹೂ ಕಳೆದ ತಿಂಗಳುಗಳ ಉಳಿತಾಯದ ಹಣದಿಂದ ನಡೆಯುವ ಮದುವೆಯಿದ್ದಂತೆ. ಉಳಿತಾಯ ಮುಗಿದ ಮೇಲೆ ಸಂಸಾರ ನಡೆಯಲು ಹೊಸ ಸಂಪಾದನೆ ಬೇಕು. ನೀರಿಲ್ಲದೆ ಎಲೆ ಸಂಪಾದಿಸಲಾರದು.

ನಿಂಬೆ ಬೆಳೆಯುವ ರೈತರಿಗೆ ಇದು ಹೊಸದಲ್ಲ. ಬೇಕಾದ ಕಾಲಕ್ಕೆ ಹೂ ತರಿಸಲು ಅವರು ಕೆಲವು ವಾರ ನೀರು ನಿಲ್ಲಿಸಿ, ಎಲೆ ಬಾಡಿದ ಮೇಲೆ ಮತ್ತೆ ನೀರು ಕೊಡುತ್ತಾರೆ. ಬಹಾರ್ ಎಂದು ಕರೆಯುವುದು ಇದನ್ನೇ. ಹಿತ್ತಲಿನಲ್ಲಿ ಈ ಕೆಲಸವನ್ನು ಬೇಸಿಗೆ ಮತ್ತು ಬಿರುಮಳೆ ಸೇರಿ ಮಾಡುತ್ತವೆ. ವ್ಯತ್ಯಾಸ ಒಂದೇ. ತೋಟದ ರೈತ ಹೂ ತರಿಸಿದ ಮೇಲೆ ನೀರು ಬಿಡುವುದನ್ನು ಮರೆಯುವುದಿಲ್ಲ. ಹಿತ್ತಲಿನಲ್ಲಿ ಮಾತ್ರ "ಮಳೆ ಬಂತಲ್ಲ, ಇನ್ನು ನೀರೇಕೆ" ಎಂದು ಕೊಡ ಕೆಳಗಿಡುತ್ತೇವೆ.

ಕಾಫಿ ಸೀಮೆಯ ಪಾಠ

ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ಬೆಳೆಗಾರರಿಗೆ ಈ ಪಾಠ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಒಣಗಿ ನಿಂತ ಕಾಫಿ ಗಿಡಕ್ಕೆ ಸುಮಾರು 25ರಿಂದ 40 ಮಿ.ಮೀ. ಮಳೆ ಬಿದ್ದರೆ ಎಂಟು–ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗೆ ಹೂವಾಗುತ್ತದೆ. ಇದನ್ನು ಹೂಮಳೆ ಎನ್ನುತ್ತಾರೆ. ಕಾಫಿಯ ಮೊಗ್ಗು ಅರಳಬೇಕಾದರೆ ಮೊದಲು ನೀರಿನ ಕೊರತೆಯನ್ನು ಅನುಭವಿಸಿರಲೇಬೇಕು ಎಂಬುದನ್ನು ಬ್ರೆಜಿಲಿನ ಸಸ್ಯವಿಜ್ಞಾನಿ ಆಲ್ವಿಂ 1960ರಲ್ಲಿ ಪ್ರಕಟಿಸಿದರು.

ಆದರೆ ಕಾಫಿ ಬೆಳೆಗಾರ ಹೂ ನೋಡಿ ಸುಮ್ಮನೆ ಕೂರುವುದಿಲ್ಲ. ಎರಡು–ಮೂರು ವಾರದೊಳಗೆ ಇನ್ನೊಂದು ಮಳೆ ಬರಬೇಕೆಂದು ಆಕಾಶ ನೋಡುತ್ತಾನೆ. ಇದನ್ನು ಅವರು ಬ್ಯಾಕಿಂಗ್ ಮಳೆ ಎನ್ನುತ್ತಾರೆ. ಅದು ಬಾರದಿದ್ದರೆ ತುಂತುರು ನೀರಾವರಿ ಕೊಡುತ್ತಾನೆ. ಮೊದಲನೆಯ ಮಳೆ ಹೂವಿಗೆ, ಎರಡನೆಯ ಮಳೆ ಕಾಯಿಗೆ. ಎರಡನೆಯದು ತಪ್ಪಿದರೆ ಮೊದಲನೆಯದು ವ್ಯರ್ಥ. ನಮ್ಮ ಹಿತ್ತಲಿನ ನಿಂಬೆಗೂ ಈ ನಿಯಮವೇ ಅನ್ವಯಿಸುತ್ತದೆ. ಅಲ್ಲಿ ಬ್ಯಾಕಿಂಗ್ ಮಳೆಯನ್ನು ಕೊಡದಿಂದ ಕೊಡಬೇಕಾದವರು ನಾವು.

ನಮ್ಮ ಹಿರಿಯರೂ ಈ ಅಪಾಯವನ್ನು ಕಂಡಿದ್ದರು. "ಅಶ್ವಿನಿ ಸಸ್ಯನಾಶಿನಿ" ಎಂಬ ಗಾದೆ ಹಳ್ಳಿಗಳಲ್ಲಿ ಇಂದಿಗೂ ಇದೆ. ಅಶ್ವಿನಿ ಮಳೆ ಏಪ್ರಿಲ್ ಮಧ್ಯದಲ್ಲಿ ಹುಟ್ಟುತ್ತದೆ. ಆ ಮಳೆಗೆ ಮೊಳೆತದ್ದು, ಚಿಗುರಿದ್ದು ಮುಂದಿನ ಬಿಸಿಲಿಗೆ ಸುಟ್ಟುಹೋಗುವ ಸಂಭವ ಹೆಚ್ಚು. ಗಾದೆಯ ಹಿಂದಿನ ಅನುಭವ ಇದೇ ಇರಬೇಕೆಂದು ನನ್ನ ಭಾವನೆ.

ಲೆಕ್ಕ ಹಾಕಿ ನೋಡೋಣ

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಈ ಒಂದು ಸೂತ್ರ ನೆನಪಿದ್ದರೆ ಸಾಕು.

ತಮ್ಮ ಹಿತ್ತಲಿನಲ್ಲಿ ನೆತ್ತಿ 2 ಮೀಟರ್ ಅಗಲ ಹರಡಿದ ಒಂದು ನಿಂಬೆ ಗಿಡವಿದೆಯೆಂದು ಭಾವಿಸಿ. ಅದರ ನೆರಳು ಬೀಳುವ ನೆಲ ಸುಮಾರು 3 ಚದರ ಮೀಟರ್. 40 ಮಿ.ಮೀ. ಮಳೆಯೆಂದರೆ ಆ ಜಾಗಕ್ಕೆ 120 ಲೀಟರ್ ಬಿತ್ತು. ಆದರೆ ತುಳಿದು ತುಳಿದು ಗಟ್ಟಿಯಾದ ನೆಲ ಇಷ್ಟು ರಭಸದ ಮಳೆಯನ್ನು ಕುಡಿಯಲಾರದು. ಅರ್ಧದಷ್ಟು ಹರಿದು ಚರಂಡಿ ಸೇರಿತೆಂದರೆ ಉಳಿದದ್ದು 60 ಲೀಟರ್. ಬೇಸಿಗೆಯ ಬಿಸಿಲಿನಲ್ಲಿ ಗಿಡ ಮತ್ತು ನೆಲ ಸೇರಿ ದಿನಕ್ಕೆ 4ರಿಂದ 5 ಮಿ.ಮೀ. ನೀರು ಕಳೆದುಕೊಳ್ಳುತ್ತವೆಂದು ಹಿಡಿದರೆ, ಈ ಗಿಡದ ದಿನದ ಖರ್ಚು 12ರಿಂದ 15 ಲೀಟರ್. ಮಳೆಯ 60 ಲೀಟರ್ ನಾಲ್ಕೈದು ದಿನಕ್ಕೆ ಮುಗಿಯಿತು. ಬೇರು ನೆರಳಿನಾಚೆಗೂ ಆಳಕ್ಕೂ ಹೋಗಿರುವುದರಿಂದ ಒಂದು ವಾರ ತಡೆದೀತು.

ಈಗ ನೋಡಿ. ಮಳೆಯ ನೀರು ಏಳನೆಯ ದಿನಕ್ಕೆ ಮುಗಿಯಿತು. ನಿಂಬೆಯ ಹೂ ಅರಳುವುದು ಹದಿನೈದರಿಂದ ಇಪ್ಪತ್ತನೆಯ ದಿನಕ್ಕೆ. ಹೂ ಕಚ್ಚಿ ಕಾಳು ಮೆಣಸಿನ ಗಾತ್ರದ ಪಿಂದೆಯಾಗಲು ಇನ್ನೂ ಒಂದು ವಾರಕ್ಕೂ ಹೆಚ್ಚು. ಗಿಡಕ್ಕೆ ನೀರು ಅತ್ಯಗತ್ಯವಾದ ಕಾಲದಲ್ಲಿಯೇ ಮಣ್ಣಿನಲ್ಲಿ ನೀರಿಲ್ಲ. ಗಿಡ ಆಗ ಏನು ಮಾಡಬೇಕು? ತನ್ನ ಜೀವ ಉಳಿಸಿಕೊಳ್ಳಲು ಹೂ, ಪಿಂದೆಗಳನ್ನು ಉದುರಿಸುತ್ತದೆ. "ದೃಷ್ಟಿ ತಾಗಿತು, ಹೂವೆಲ್ಲ ಉದುರಿತು" ಎಂದು ಹೇಳುವ ಹಿತ್ತಲುಗಳಲ್ಲಿ ಮೊದಲು ಪಾತಿಯನ್ನು ಆರು ಅಂಗುಲ ಬಗೆದು ನೋಡುವುದು ಒಳ್ಳೆಯದು.

ಮುಂಗಾರು ಬೇಗ ಬಂದೀತೆಂದು ನೆಚ್ಚಿಕೊಂಡರೆ? ಮುಂಗಾರು ಕೇರಳ ಮುಟ್ಟುವ ವಾಡಿಕೆಯ ದಿನ ಜೂನ್ 1. 2025ರಲ್ಲಿ ಅದು ಮೇ 24ಕ್ಕೇ ಬಂತು. 2023ರಲ್ಲಿ ಜೂನ್ 8ಕ್ಕೆ ಬಂತು. ಆ ವರ್ಷ ಮಳೆಯೂ ಕೈಕೊಟ್ಟು, ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಎರಡು ವಾರಗಳ ಈ ಹೆಚ್ಚುಕಡಿಮೆ ಹೊಲದ ಬಿತ್ತನೆಗೆ ತೊಂದರೆ ಕೊಡುವಂತೆಯೇ ಹಿತ್ತಲಿನ ಹೂವಿಗೂ ಕೊಡುತ್ತದೆ.

ಗುಡುಗಿನ ಮಳೆ ಗೊಬ್ಬರದ ಮಳೆಯೇ?

ಗುಡುಗು, ಮಿಂಚಿನ ಮಳೆ ಬಿದ್ದರೆ ಗಿಡ ಹಚ್ಚಗಾಗುತ್ತದೆಂಬ ನಂಬಿಕೆ ರೈತರಲ್ಲಿದೆ. ಇದು ಸುಳ್ಳಲ್ಲ. ಮಿಂಚಿನ ಶಾಖಕ್ಕೆ ಗಾಳಿಯ ಸಾರಜನಕ ಆಮ್ಲಜನಕದೊಡನೆ ಸೇರಿ ಮಳೆನೀರಿನಲ್ಲಿ ನೆಲಕ್ಕೆ ಬರುತ್ತದೆ. ಆದರೆ ಇದರ ಪ್ರಮಾಣ ಅಲ್ಪ. ವರ್ಷವಿಡೀ ಮಳೆಯೊಡನೆ ಬರುವುದು ಹೆಕ್ಟೇರಿಗೆ ಕೆಲವೇ ಕಿಲೋ. ಒಂದು ಮಳೆಗೆ ಗಿಡ ಹಚ್ಚಗಾಗಲು ದೊಡ್ಡ ಕಾರಣ ನೆಲದೊಳಗೇ ಇದೆ.

ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಅದರಲ್ಲಿರುವ ಸೂಕ್ಷ್ಮಜೀವಿಗಳಲ್ಲಿ ಬಹಳಷ್ಟು ಸಾಯುತ್ತವೆ, ಉಳಿದವು ನಿದ್ರಿಸುತ್ತವೆ. ಮಳೆ ಬಿದ್ದ ಕೂಡಲೇ ಉಳಿದವು ಎಚ್ಚೆತ್ತು, ಸತ್ತ ಜೀವಿಗಳನ್ನೂ ಒಣಗಿ ಸಡಿಲಗೊಂಡ ಸಾವಯವ ಪದಾರ್ಥವನ್ನೂ ವೇಗವಾಗಿ ಕೊಳೆಯಿಸುತ್ತವೆ. ಆಗ ಒಮ್ಮೆಲೇ ಸಾರಜನಕ ಬಿಡುಗಡೆಯಾಗುತ್ತದೆ. ಪೂರ್ವ ಆಫ್ರಿಕದ ಕೀನ್ಯದಲ್ಲಿ ಕೆಲಸ ಮಾಡುತ್ತಿದ್ದ ಬರ್ಚ್ ಎಂಬ ವಿಜ್ಞಾನಿ 1958ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಬರ್ಚ್ ಪರಿಣಾಮವೆಂದೇ ಹೆಸರು. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಗೂ ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತು ಒಂದು ಕಾರಣ.

ಇದರಿಂದ ನಮಗೆ ತಿಳಿಯಬೇಕಾದದ್ದು ಎರಡು. ಒಂದು, ಮಳೆ ಬಿದ್ದ ಮರುದಿನವೇ ಗಿಡಕ್ಕೆ ಯೂರಿಯಾ ಹಾಕುವ ಅಗತ್ಯವಿಲ್ಲ. ಆ ಹೊತ್ತಿಗೆ ಮಣ್ಣೇ ಸಾರಜನಕ ಕೊಡುತ್ತಿರುತ್ತದೆ. ಹೆಚ್ಚಾದರೆ ಗಿಡ ಸೊಕ್ಕಿ ಎಲೆಯಾಗಿ, ಹೂ ಉದುರುತ್ತದೆ, ಎಳೆ ಚಿಗುರಿಗೆ ಕೀಟ ಮುತ್ತುತ್ತದೆ. ಎರಡು, ಮಣ್ಣಿನಲ್ಲಿ ಕೊಟ್ಟಿಗೆ ಗೊಬ್ಬರ, ತರಗೆಲೆ ಇದ್ದರೆ ಮಾತ್ರ ಈ ಲಾಭ. ಗುಡಿಸಿ ಗುಡಿಸಿ ಬೋಳಾದ ಹಿತ್ತಲಿನಲ್ಲಿ ಕೊಳೆಯಲು ಏನೂ ಇರುವುದಿಲ್ಲ.

ಮೊದಲ ದಿನದ ಕೆಲಸ

ಬೆಳಗಾಗುತ್ತಲೇ ಹೂ ಕೊಯ್ಯಲೋ ಮಾವಿನಕಾಯಿ ಆಯಲೋ ಹಿತ್ತಲಿಗೆ ಹೋಗುವ ಮೊದಲು ವಿದ್ಯುತ್ ತಂತಿ ಹರಿದು ಬಿದ್ದಿದೆಯೇ ಎಂದು ನೋಡಬೇಕು. ಒದ್ದೆ ನೆಲದಲ್ಲಿ, ಒದ್ದೆ ಬೇಲಿಯಲ್ಲಿ ತಂತಿ ತಾಗಿದ್ದರೆ ಜೀವಕ್ಕೇ ಅಪಾಯ. ತಂತಿ ಬಿದ್ದಿದ್ದರೆ ಮಕ್ಕಳನ್ನೂ ದನಗಳನ್ನೂ ದೂರವಿಟ್ಟು, ವಿದ್ಯುತ್ ಕಚೇರಿಗೆ ತಿಳಿಸತಕ್ಕದ್ದು. ಗುಡುಗು ಇನ್ನೂ ಕೇಳುತ್ತಿರುವಾಗ ತೆಂಗು, ಮಾವಿನ ಮರದ ಕೆಳಗೆ ಹೋಗಲೇಬಾರದು.

ಅನಂತರ ಗಿಡಗಳ ಬುಡ ನೋಡಿ. ಪಪ್ಪಾಯಿ, ಮಲ್ಲಿಗೆ, ನಿಂಬೆಗಳ ಬುಡದಲ್ಲಿ ನೀರು ನಿಂತಿದ್ದರೆ ಅದೇ ದಿನ ಸಣ್ಣ ಕಾಲುವೆ ತೆಗೆದು ಬಸಿದುಹೋಗುವಂತೆ ಮಾಡಿ. ಪಪ್ಪಾಯಿ ನಿಂತ ನೀರನ್ನು ಒಂದೆರಡು ದಿನವೂ ತಡೆಯಲಾರದು. ಬುಡ ಕೊಳೆಯುತ್ತದೆ.

ಮುರಿದ ಕೊಂಬೆಗಳನ್ನು ಜೋತಾಡಲು ಬಿಡಬಾರದು. ಹರಿತವಾದ ಗರಗಸದಿಂದ ನುಣುಪಾಗಿ ಕತ್ತರಿಸಿ, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಬೇಕು. ಹಿತ್ತಲಿಗೆ ಸಾಕಾಗುವಷ್ಟು ಮಾಡಲು 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿಯೂ 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿಯೂ ಬೇರೆ ಬೇರೆ ಕರಗಿಸಿ, ನಂತರ ಎರಡನ್ನೂ ಬೆರೆಸಿ. ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆಯನ್ನೇ ಬಳಸಿ, ಕಬ್ಬಿಣದ್ದು ಬೇಡ.

ಮುರಿದ ನುಗ್ಗೆಯ ಕೊಂಬೆಯನ್ನು ಸೌದೆಗೆ ಹಾಕಬೇಡಿ. ಮಣಿಕಟ್ಟಿನ ಗಾತ್ರದ ಬಲಿತ ಕೊಂಬೆಯನ್ನು ಒಂದು ಮೀಟರ್ ಉದ್ದಕ್ಕೆ ಕತ್ತರಿಸಿ, ಕೆಲವು ದಿನ ನೆರಳಿನಲ್ಲಿಟ್ಟು ನೆಟ್ಟರೆ ಅದು ಇನ್ನೊಂದು ಮರವಾಗುತ್ತದೆ. ತಾಯಿಮರವೂ ಕತ್ತರಿಸಿದ ಕಡೆ ಚಿಗುರಿ, ಕೈಗೆಟಕುವ ಎತ್ತರದಲ್ಲಿ ಕಾಯಿ ಕೊಡುತ್ತದೆ.

ಉದುರಿದ ಮಾವಿನಕಾಯಿಗಳಲ್ಲಿ ಪೆಟ್ಟಾಗದವನ್ನು ಉಪ್ಪಿನಕಾಯಿಗೆ ಬೇರೆ ಮಾಡಿ, ಪೆಟ್ಟಾದವನ್ನು ಅಂದೇ ಬಳಸಿ. ಕೊಳೆತವನ್ನು ಮರದ ಕೆಳಗೆ ಬಿಟ್ಟರೆ ಹಣ್ಣಿನ ನೊಣ ಅಲ್ಲಿಯೇ ಸಂಸಾರ ಹೂಡುತ್ತದೆ. ಎರಡು ಅಡಿ ಆಳದ ಗುಂಡಿಯಲ್ಲಿ ಹೂಳಿ.

ಮೊದಲ ವಾರ: ನೀರು ಹಿಡಿದಿಡುವುದು

ಮಳೆ ನಿಂತ ಕೂಡಲೇ ಒದ್ದೆ ನೆಲವನ್ನು ತುಳಿದು ಅಗೆಯಬಾರದು. ಮಣ್ಣನ್ನು ಹಿಡಿ ಹಿಡಿದು ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಡಿ. ಬಿದ್ದು ಪುಡಿಯಾದರೆ ಹದ ಬಂದಿದೆ. ಮುದ್ದೆಯಾಗಿಯೇ ಉಳಿದರೆ ಇನ್ನೂ ಕಾಯಬೇಕು. ಕೆಂಪು ಮಣ್ಣಿಗೆ ಒಂದೆರಡು ದಿನ, ಎರೆ ಮಣ್ಣಿಗೆ ಇನ್ನೂ ಹೆಚ್ಚು ದಿನ ಹಿಡಿಯುತ್ತದೆ.

ಹದ ಬಂದ ಕೂಡಲೇ ಪಾತಿಯ ಮೇಲ್ಮಣ್ಣನ್ನು ಎರಡು ಅಂಗುಲ ಮಾತ್ರ ಕೆದಕಿ ಸಡಿಲ ಮಾಡಿ. ಆಳಕ್ಕೆ ಅಗೆದರೆ ನಿಂಬೆ, ಮಲ್ಲಿಗೆಗಳ ಮೇಲ್ಬೇರು ಕತ್ತರಿಸಿಹೋಗುತ್ತದೆ. ಪಾತಿಯನ್ನು ಬುಡಕ್ಕೆ ಅಂಟಿದಂತೆ ಕಟ್ಟದೆ, ನೆರಳಿನ ಅಂಚಿನವರೆಗೆ ಅಗಲ ಮಾಡಿ. ನೀರು ಹೀರುವ ಎಳೆ ಬೇರುಗಳು ಅಲ್ಲಿವೆ.

ಆಮೇಲೆ ಹೊದಿಕೆ. ತರಗೆಲೆ, ರಾಗಿ ಹುಲ್ಲು, ಕಡಲೆಕಾಯಿ ಸಿಪ್ಪೆ, ತೆಂಗಿನ ಗರಿ ಯಾವುದಾದರೂ ಆದೀತು. ಮೂರು–ನಾಲ್ಕು ಅಂಗುಲ ದಪ್ಪ ಹರಡಿ, ಕಾಂಡದ ಸುತ್ತ ಒಂದು ಗೇಣು ಬಿಟ್ಟಿರಲಿ. ಬಿರುಗಾಳಿ ಉದುರಿಸಿದ ಎಲೆಗಳೇ ಇದಕ್ಕೆ ಸಾಕು. ಅವನ್ನು ಗುಡಿಸಿ ಸುಡುವ ಮನೆಗಳು ಎಷ್ಟೋ ಇವೆ. ಸುಟ್ಟರೆ ಹೊಗೆ, ಪಾತಿಗೆ ಹಾಕಿದರೆ ನೀರಿನ ಉಳಿತಾಯ. ಹೊದಿಕೆ ಹಾಕುವುದು ಮಣ್ಣಿನಲ್ಲಿ ಹಸಿ ಇರುವಾಗ, ಅಂದರೆ ಮಳೆಯ ಮೊದಲ ವಾರದಲ್ಲಿ. ಒಣಗಿದ ಮೇಲೆ ಹಾಕಿದರೆ ಮುಚ್ಚಿಡಲು ಒಳಗೆ ಏನೂ ಉಳಿದಿರುವುದಿಲ್ಲ.

ಎರಡನೆಯ ಮಳೆ ನಮ್ಮದು

ಆರನೆಯ ಅಥವಾ ಏಳನೆಯ ದಿನ ಹೊದಿಕೆ ಸರಿಸಿ, ಆರು ಅಂಗುಲ ಆಳದ ಮಣ್ಣು ತೆಗೆದು ಹಿಡಿಯಲ್ಲಿ ಒತ್ತಿ ನೋಡಿ. ಉಂಡೆ ಕಟ್ಟದಿದ್ದರೆ ನೀರು ಕೊಡುವ ಕಾಲ ಬಂದಿದೆ. ಗಿಡವೂ ಹೇಳುತ್ತದೆ. ನಡುಮಧ್ಯಾಹ್ನ ಎಲೆ ಮಡಿಚುವುದು ಸಹಜ. ಬೆಳಿಗ್ಗೆ ಹತ್ತು ಗಂಟೆಗೇ ಮಡಿಚಿದರೆ ಅದು ನೀರಿನ ಬೇಡಿಕೆ.

ಮೇಲೆ ಹೇಳಿದ ಗಾತ್ರದ ನಿಂಬೆ ಗಿಡಕ್ಕೆ ಐದಾರು ದಿನಕ್ಕೊಮ್ಮೆ ಮೂರು–ನಾಲ್ಕು ಕೊಡ, ಅಂದರೆ ಸುಮಾರು 50 ಲೀಟರ್ ನೀರನ್ನು ಸಂಜೆಯ ಹೊತ್ತು ಪಾತಿಯ ಅಂಚಿನ ಸುತ್ತ ಹಾಕಿ. ದಿನವೂ ಒಂದು ಚೊಂಬು ಚಿಮುಕಿಸುವುದರಿಂದ ಪ್ರಯೋಜನವಿಲ್ಲ, ಅದು ಬೇರಿಗೆ ತಲುಪದೆ ಆವಿಯಾಗುತ್ತದೆ. ಪಿಂದೆ ಬಟಾಣಿ ಗಾತ್ರಕ್ಕೆ ಬರುವವರೆಗೆ ಅಥವಾ ಮುಂಗಾರು ಹಿಡಿಯುವವರೆಗೆ ಇದನ್ನು ತಪ್ಪಿಸಬಾರದು. ಪಿಂದೆ ನಿಂತ ಮೇಲೆ ಕೊಟ್ಟಿಗೆ ಗೊಬ್ಬರ, ಹೊಂಗೆ ಅಥವಾ ಬೇವಿನ ಹಿಂಡಿ ಕೊಟ್ಟರೆ ಅದು ಕಾಯಿಗೆ ಸಲ್ಲುತ್ತದೆ.

ಇಷ್ಟು ನೀರೆಲ್ಲಿ ಎಂದು ಕೇಳುವಿರಿ. ಐದು ಜನರ ಮನೆಯಲ್ಲಿ ಒಬ್ಬರ ಸ್ನಾನಕ್ಕೆ 20 ಲೀಟರ್ ಎಂದರೂ ದಿನಕ್ಕೆ 100 ಲೀಟರ್ ಬಚ್ಚಲು ನೀರು. ಐದು ದಿನಕ್ಕೆ 500 ಲೀಟರ್. ಇಂಥ ಹತ್ತು ಗಿಡಗಳಿಗೆ ಸರಿಹೋಯಿತು. ಸೋಪಿನ ನೀರನ್ನು ದಿನವೂ ಒಂದೇ ಗಿಡಕ್ಕೆ ಬಿಡದೆ ಸರದಿಯ ಮೇಲೆ ಹರಿಸಿ. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿಗಳಿಗೆ ಬೇಡ. ನೀರು ಹೊರುವ ಈ ಕೆಲಸ ಬಹುಪಾಲು ಮನೆಗಳಲ್ಲಿ ಹೆಂಗಸರ ಮೇಲೆಯೇ ಬೀಳುತ್ತದೆ. ಬಚ್ಚಲಿನಿಂದ ಪಾತಿಗೆ ಒಂದು ಪೈಪು ಅಥವಾ ಕಾಲುವೆ ಮಾಡಿಕೊಟ್ಟರೆ ಆ ಶ್ರಮ ತಪ್ಪುತ್ತದೆ. ಮನೆಯ ಗಂಡಸರು ಇದಕ್ಕೆ ಒಂದು ದಿನ ಕೊಡಬೇಕೆಂದು ನನ್ನ ವಿನಂತಿ.

ಸೂರಿನ ನೀರನ್ನೂ ಮರೆಯಬಾರದು. 10 ಮೀಟರ್ ಉದ್ದ, 6 ಮೀಟರ್ ಅಗಲದ ಚಾವಣಿಯ ಮೇಲೆ 40 ಮಿ.ಮೀ. ಮಳೆ ಬಿದ್ದರೆ 2,400 ಲೀಟರ್ ನೀರು. ಅದರಲ್ಲಿ ಒಂದೆರಡು ಪೀಪಾಯಿಯಷ್ಟನ್ನು ಹಿಡಿದಿಟ್ಟು, ಉಳಿದದ್ದನ್ನು ಹಿತ್ತಲಿನ ಇಂಗುಗುಂಡಿಗೆ ಬಿಡಬಹುದು. ಪೀಪಾಯಿಯ ಬಾಯಿಗೆ ಬಟ್ಟೆ ಬಿಗಿದು ಕಟ್ಟತಕ್ಕದ್ದು. ತೆರೆದಿಟ್ಟ ಶುದ್ಧ ನೀರಿನಲ್ಲಿ ಡೆಂಗಿ ಜ್ವರ ಹರಡುವ ಸೊಳ್ಳೆ ಒಂದೂವರೆ ವಾರದೊಳಗೆ ಮರಿಯಾಗುತ್ತದೆ.

ಉಳಿಸುವ ಹೂ, ಕೀಳುವ ಹೂ

ಎಲ್ಲ ಹೂವನ್ನೂ ಉಳಿಸಬೇಕೆಂಬ ಆಸೆ ಒಳ್ಳೆಯದಲ್ಲ. ನೀರು ಅಳತೆಯಲ್ಲಿರುವಾಗ ಯಾವುದಕ್ಕೆ ಖರ್ಚು ಮಾಡಬೇಕೆಂದು ನಾವೇ ನಿರ್ಧರಿಸಬೇಕು.

ಬಲಿತ ನಿಂಬೆ ಗಿಡದ ಹೂ ಉಳಿಸಿ. ಹೂವಾದ ಐದಾರು ತಿಂಗಳಿಗೆ, ಅಂದರೆ ಅಕ್ಟೋಬರ್–ನವೆಂಬರಿನಲ್ಲಿ ಹಣ್ಣು ಸಿಗುತ್ತದೆ. ಬಹುಪಾಲು ಹೂ ತಾನಾಗಿಯೇ ಉದುರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಮೂರು ವರ್ಷದೊಳಗಿನ ಎಳೆ ಗಿಡದಲ್ಲಿ ಹೂ ಕಂಡರೆ ಕಿತ್ತುಹಾಕಿ, ಗಿಡ ಬೆಳೆಯಲಿ.

ಸೀಬೆಯ ಲೆಕ್ಕವೇ ಬೇರೆ. ಬೇಸಿಗೆಯ ಹೂವಿನ ಹಣ್ಣು ಮಳೆಗಾಲಕ್ಕೆ ಬರುತ್ತದೆ. ಆ ಹಣ್ಣು ನೀರು ನೀರಾಗಿ ಸಪ್ಪೆ, ಹಣ್ಣಿನ ನೊಣದ ಕಾಟವೂ ಹೆಚ್ಚು. ಜೂನ್–ಜುಲೈ ಹೂವಿನ ಹಣ್ಣು ಚಳಿಗಾಲಕ್ಕೆ ಬರುತ್ತದೆ. ಅದು ರುಚಿ, ಗಾತ್ರ ಎರಡರಲ್ಲೂ ಮೇಲು. ಆದ್ದರಿಂದ ಏಪ್ರಿಲ್–ಮೇ ತಿಂಗಳ ಸೀಬೆ ಹೂವನ್ನು ಕೀಳುವುದೇ ಲಾಭ. ಈ ಗಿಡಕ್ಕೆ ಈಗ ನೀರು ಹೊರುವ ಅಗತ್ಯವೂ ಇಲ್ಲ. ಆ ಕೊಡಗಳು ನಿಂಬೆಗೆ ಸಲ್ಲಲಿ.

ಕರಿಬೇವಿನ ಹೂಗೊಂಚಲನ್ನು ಸೊಪ್ಪು ಬೇಕಾದವರು ಚಿವುಟಿ ತೆಗೆಯಬೇಕು. ಸಸಿ ಬೇಕಾದವರು ಒಂದೆರಡು ಗೊಂಚಲು ಬಿಟ್ಟು, ಕಪ್ಪಗೆ ಹಣ್ಣಾದ ಬೀಜವನ್ನು ಕೂಡಲೇ ಬಿತ್ತಬೇಕು. ಒಣಗಿಸಿಟ್ಟ ಬೀಜ ಮೊಳೆಯುವುದಿಲ್ಲ.

ಮಲ್ಲಿಗೆ ಹೊಸ ಚಿಗುರಿನ ತುದಿಯಲ್ಲಿ ಮೊಗ್ಗು ಬಿಡುತ್ತದೆ. ಮಳೆಗೆ ಹಾಳಾದ ಹೂ, ಒಣಗಿದ ಕಡ್ಡಿಗಳನ್ನು ತೆಗೆದುಹಾಕಿದರೆ ಚಿಗುರಿಗೆ ಬೆಳಕು ಸಿಗುತ್ತದೆ. ಮೊಗ್ಗು ಕೆಂಪಾಗಿ ತೂತು ಕಂಡರೆ ಅದು ಮೊಗ್ಗು ಕೊರೆಯುವ ಹುಳು. ಅಂಥ ಮೊಗ್ಗನ್ನು ನೆಲಕ್ಕೆ ಎಸೆಯದೆ ಆರಿಸಿ ನಾಶಪಡಿಸಿ. ಮಳೆಲಿಲ್ಲಿಗೆ ಏನೂ ಮಾಡಬೇಕಿಲ್ಲ. ಅದು ಗೆಡ್ಡೆಯಲ್ಲಿ ತನ್ನ ಬುತ್ತಿ ತಾನೇ ಕಟ್ಟಿಟ್ಟುಕೊಂಡಿರುತ್ತದೆ. ನೋಡಿ ಆನಂದಿಸಿದರೆ ಸಾಕು.

ಜೇನು ಮತ್ತು ಕೀಟ

ಮಳೆ ಪರಾಗವನ್ನು ತೊಳೆಯುತ್ತದೆ, ಜೇನನ್ನು ಗೂಡಿನಲ್ಲಿ ಕೂರಿಸುತ್ತದೆ. ಚಪ್ಪರದ ಬಳ್ಳಿಗಳಲ್ಲಿ ಹೂ ತುಂಬಿದ್ದು ಹೀಚು ನಿಲ್ಲದಿದ್ದರೆ ಕೈಯಿಂದಲೇ ಪರಾಗ ಮುಟ್ಟಿಸಬಹುದು. ಕುಂಬಳದ ಹೂ ನಸುಕಿನಲ್ಲಿ ಅರಳುತ್ತದೆ, ಸೋರೆ ಮತ್ತು ಹೀರೆಯವು ಸಂಜೆ ಅರಳುತ್ತವೆ. ಅರಳಿದ ಗಂಡು ಹೂವನ್ನು ಕಿತ್ತು, ಬುಡದಲ್ಲಿ ಪುಟ್ಟ ಕಾಯಿ ಇರುವ ಹೆಣ್ಣು ಹೂವಿನ ನಡುವೆ ಮೆಲ್ಲನೆ ಸವರಿ.

ಹೂ ಇರುವಾಗ ಕೀಟನಾಶಕ ಸಿಂಪಡಿಸಬಾರದು. ತುಡುವೆ, ಕೋಲುಜೇನುಗಳು ಸತ್ತರೆ ಕಾಯಿ ನಿಲ್ಲಿಸುವವರೇ ಇಲ್ಲ. ಹಿತ್ತಲಿನ ಕೀಟಗಳಿಗೆ ಕೈಯೇ ಮದ್ದು. ನಿಂಬೆ, ಕರಿಬೇವಿನ ಎಳೆ ಚಿಗುರಿನ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವ ಹುಳು ಚಿಟ್ಟೆಯ ಮರಿ. ಆರಿಸಿ ತೆಗೆಯಿರಿ. ನುಗ್ಗೆಯ ಕಾಂಡದಲ್ಲಿ ಗುಂಪಾಗಿ ಕೂರುವ ಕಂಬಳಿಹುಳುಗಳನ್ನು ಮರ ಹತ್ತುವ ಮೊದಲೇ ಸೋಪಿನ ನೀರಿನಿಂದ ನಾಶಮಾಡಿ. ಬರಿಗೈಯಲ್ಲಿ ಮುಟ್ಟಬೇಡಿ. ದೊಡ್ಡ ಬಸವನಹುಳುಗಳು ಮಳೆಯ ರಾತ್ರಿ ಹೊರಬರುತ್ತವೆ. ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆಯಿಟ್ಟರೆ ಅಲ್ಲಿ ಸೇರುತ್ತವೆ. ಬೆಳಿಗ್ಗೆ ಕೈಚೀಲ ತೊಟ್ಟು ಆರಿಸಿ ಉಪ್ಪುನೀರಿಗೆ ಹಾಕಿ.

ಗಾಳಿಮಳೆ, ಆಲಿಕಲ್ಲುಗಳ ಗಾಯದ ಮೂಲಕ ನಿಂಬೆಗೆ ಕಜ್ಜಿ ರೋಗ ಹರಡುತ್ತದೆ. ರೋಗದ ಕಡ್ಡಿಗಳನ್ನು ಕತ್ತರಿಸಿ ಸುಟ್ಟು, ಹೂ ಅರಳುವ ಮೊದಲೇ ಶೇಕಡ 1ರ ಬೋರ್ಡೋ ದ್ರಾವಣ ಸಿಂಪಡಿಸಿ. 10 ಲೀಟರ್ ನೀರಿಗೆ ಮೈಲುತುತ್ತ 100 ಗ್ರಾಂ, ಸುಣ್ಣ 100 ಗ್ರಾಂ. ದ್ರಾವಣದಲ್ಲಿ ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ.

ವಿಸ್ತರಣಾ ಕಾರ್ಯಕರ್ತರಿಗೆ ಎರಡು ಮಾತು

ಮೇ ತಿಂಗಳಿನಲ್ಲಿ ತಾವು ಹಳ್ಳಿಗೆ ಹೋಗುವುದು ಬಿತ್ತನೆ ಬೀಜ, ಗೊಬ್ಬರಗಳ ಕೆಲಸಕ್ಕೆ. ಅದೇ ಭೇಟಿಯಲ್ಲಿ ಹತ್ತು ನಿಮಿಷ ಒಂದು ಹಿತ್ತಲಿನಲ್ಲಿ ನಿಂತು, ಅಕ್ಕಪಕ್ಕದ ತಾಯಂದಿರನ್ನು ಕರೆದು, ಪಾತಿಯ ಮಣ್ಣು ಹಿಡಿಯಲ್ಲಿ ಒತ್ತಿ ತೋರಿಸಿ. ನೇರ ಗೋಡೆಯ ಒಂದು ಡಬ್ಬಿಯನ್ನು ಬಯಲಿನಲ್ಲಿಟ್ಟು, ಮಳೆಯ ನಂತರ ಅಳತೆಪಟ್ಟಿ ಇಳಿಸಿ ಎಷ್ಟು ಮಿ.ಮೀ. ಎಂದು ಓದುವುದನ್ನು ಶಾಲೆಯ ಮಕ್ಕಳಿಗೂ ಕಲಿಸಬಹುದು. "ಜೋರು ಮಳೆ" ಎಂಬ ಮಾತಿನ ಬದಲು "35 ಮಿ.ಮೀ. ಮಳೆ" ಎಂಬ ಮಾತು ಮನೆಯಲ್ಲಿ ಬಂದ ದಿನ, ನೀರಿನ ಲೆಕ್ಕ ಶುರುವಾಯಿತೆಂದು ತಿಳಿಯಿರಿ. ಹಿತ್ತಲಿನಲ್ಲಿ ಈ ಲೆಕ್ಕ ಕಲಿತವರಿಗೆ ಹೊಲದ ಲೆಕ್ಕ ಕಷ್ಟವಾಗುವುದಿಲ್ಲ.

ಹಿತ್ತಲಿನ ನಾಲ್ಕು ಗಿಡಗಳಿಂದ ಯಾರೂ ಶ್ರೀಮಂತರಾಗುವುದಿಲ್ಲ, ನಿಜ. ಆದರೆ ಮನೆಯ ಸಾರಿಗೆ ನುಗ್ಗೆ, ಮಕ್ಕಳಿಗೆ ಸೀಬೆ, ಉಪ್ಪಿನಕಾಯಿಗೆ ನಿಂಬೆ, ಮುಡಿಗೆ ಮಲ್ಲಿಗೆ ದುಡ್ಡು ಕೊಡದೆ ಬರುವುದು ಅಲ್ಲಿಂದಲೇ. ಸಂತೆಯಲ್ಲಿ ಬೆಲೆ ಏರಿದಾಗ ಮೊದಲು ತಪ್ಪಿಹೋಗುವುದು ಇವೇ. ಮಳೆ ಬಂದು ಹೂವಾದ ಮೇಲೆ ಒಂದು ತಿಂಗಳು, ವಾರಕ್ಕೊಮ್ಮೆ ನಾಲ್ಕು ಕೊಡ ನೀರು, ಒಂದು ಬುಟ್ಟಿ ತರಗೆಲೆ. ಇಷ್ಟನ್ನು ತಪ್ಪದೆ ಕೊಟ್ಟ ಗಿಡದಲ್ಲಿ ಕಾಯಿ ನಿಲ್ಲುತ್ತದೆ.